ಸಾಣಿಕಟ್ಟಾದ ಬಿಳಿ ಬೆಳೆ

ಗೋಕರ್ಣಕ್ಕೆ ಬಂದವರು ಮಹಾಬಲೇಶ್ವರನಿಗೆ ಕೈಮುಗಿದು ನೇರ ಕಡಲಿಗೆ ಹೊರಡುತ್ತಾರೆ. ಓಂ ಬೀಚು, ಕುಡ್ಲೆ ಬೀಚಿನ ಸೆಳೆತ ಅಂಥದ್ದು. ಆದರೆ ಹೆದ್ದಾರಿಯ ಮಾದನಗೇರಿಯಿಂದ ಊರಿಗೆ ಬರುವ ದಾರಿಯಲ್ಲೇ ಸಾಣಿಕಟ್ಟಾ ಇದೆ. ಮಾರ್ಚಿನ ಬಿಸಿಲಲ್ಲಿ ಅಲ್ಲಿ ಇಳಿದರೆ ಕಣ್ಣು ಕೋರೈಸುತ್ತದೆ. ಎತ್ತ ನೋಡಿದರೂ ಮಣ್ಣಿನ ಬದು, ಬದುಗಳ ನಡುವೆ ಚೌಕ ಚೌಕ ಆಗರ, ಅಂಚಿನುದ್ದಕ್ಕೂ ಉಪ್ಪಿನ ಗುಪ್ಪೆ.

ಅಘನಾಶಿನಿ ತದಡಿಯಲ್ಲಿ ಕಡಲು ಸೇರುವ ಮುನ್ನ ಹರಡಿಕೊಳ್ಳುವ ಅಳಿವೆಯ ನೀರೇ ಇಲ್ಲಿಯ ಬಂಡವಾಳ. ಭರತದ ಹೊತ್ತಿಗೆ ತೂಬು ತೆರೆದು ಉಪ್ಪುನೀರು ತುಂಬಿಕೊಳ್ಳುತ್ತಾರೆ. ಒಂದು ಪಾತಿಯಿಂದ ಮತ್ತೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಕಾಯಿಸುತ್ತಾರೆ. ಉಪ್ಪಿಗಿಂತ ಮೊದಲೇ ಜಿಪ್ಸಮ್ ತಳಕ್ಕಿಳಿಯುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರು ಆರಿದ ಮೇಲಷ್ಟೇ ಉಪ್ಪಿನ ಸರದಿ. ಕುಕ್ಕರುಗಾಲಲ್ಲಿ ಕೂತು ನೋಡಿದೆ. ನೀರ ಮೇಲೆ ಕಾಯಿಸಿದ ಹಾಲಿನ ಕೆನೆಯಂಥ ಪೊರೆ. ಇನ್ನಷ್ಟು ಬಗ್ಗಿದರೆ ಅದು ಪೊರೆಯಲ್ಲ, ತೇಲುವ ಪುಟ್ಟ ಪುಟ್ಟ ಚೌಕಗಳು! ಅಂಚಿಗೆ ಅಂಚು ಕೂಡಿಸಿಕೊಳ್ಳುತ್ತ ಬೆಳೆದು, ಭಾರವಾದೊಡನೆ ಮುಳುಗುತ್ತವೆ. ಇಷ್ಟು ಕರಾರುವಾಕ್ಕಾದ ಮೂಲೆಗಳನ್ನು ಯಾರು ಕೊರೆದರು? ಬಿಸಿಲು ಮತ್ತು ಗಾಳಿ, ಅಷ್ಟೇ.

ಉದ್ದ ಹಿಡಿಯ ಮರದ ಹಲಗೆಯಿಂದ ಹರಳನ್ನು ಬದುವಿಗೆ ಎಳೆಯುವವರ ಕೈಯ ಹದ ಬಲು ನಾಜೂಕು. ಹಲಗೆ ತುಸು ಒತ್ತಿದರೂ ತಳದ ಜೇಡಿ ಏಳುತ್ತದೆ. ಉಳಿದ ಕಹಿನೀರನ್ನು ಬಸಿಯದಿದ್ದರೆ ಉಪ್ಪು ಕಹಿಯಾಗಿ ಬೇಗ ನೀರೊಡೆಯುತ್ತದೆ. ಒಂದು ಅಡ್ಡಮಳೆ ಬಂದರಂತೂ ವಾರಗಳ ದುಡಿಮೆ ಕರಗಿಹೋಗುತ್ತದೆ. ಇಷ್ಟು ಬೆವರಿನ ಸರಕಿಗೆ ಅಂಗಡಿಯಲ್ಲಿ ನಾವು ಕೊಡುವ ಬೆಲೆ ತೀರ ಕಡಿಮೆ ಎಂದೇ ನನಗನಿಸಿತು.

ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದರು. ಬಿಸಿಲೇ ಕೊಡುವ ವಸ್ತುವಿಗೆ ಪರದೇಶದ ಸರಕಾರ ಕಂದಾಯ ಹಾಕಿದ್ದು ಎಂಥ ಅನ್ಯಾಯ ಎಂಬುದು ಈ ಬದುಗಳ ಮೇಲೆ ನಿಂತಾಗ ಕಣ್ಣಿಗೇ ಕಾಣುತ್ತದೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಗೆ ದಾರಿಯಲ್ಲಿ ಒಂದೂ ಅಣೆಕಟ್ಟಿಲ್ಲ. ಅದಕ್ಕೇ ಈ ಅಳಿವೆ ಇನ್ನೂ ಇಷ್ಟು ಸಮೃದ್ಧ: ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ, ಕೆಸರಿನಲ್ಲಿ ಬಳಚು, ಕಾಂಡ್ಲಾ ಗಿಡಗಳ ಬುಡದಲ್ಲಿ ಸಿಗಡಿ. ಮೇಲೆ ಘಟ್ಟದ ಕಡೆ ಇದೇ ಹೊಳೆಯ ದಂಡೆಯಲ್ಲಿ ಅಪ್ಪೆಮಿಡಿಯ ಮರಗಳಿವೆ. ಆಗರದಲ್ಲಿ ಉಪ್ಪು ಎಳೆಯುವ ಬೇಸಿಗೆಯಲ್ಲೇ ಅಲ್ಲಿ ಮಿಡಿ ಕೊಯ್ಯುತ್ತಾರೆ. ಮಿಡಿ ಉಪ್ಪಿನಕಾಯಿಯ ಭರಣಿಗೆ ಪುಡಿ ಉಪ್ಪು ಆಗದು, ಹರಳುಪ್ಪೇ ಆಗಬೇಕು.