ಟೋಲ್ ಇಲ್ಲದ ಬೆಟ್ಟದ ಹಾದಿ

ಫ್ರಾನ್ಸಿನ ಉದ್ದುದ್ದ ಹೆದ್ದಾರಿಗಳಲ್ಲಿ ಟೋಲ್ ಕಟ್ಟಿ ಕಟ್ಟಿ ಜೇಬು ಸವೆಯುವುದೇ ಹೆಚ್ಚು. ಕ್ಲೆರ್‌ಮಾಂ-ಫೆರಾಂ ಊರಿಂದ ದಕ್ಷಿಣದ ಕಡಲಿನತ್ತ ಇಳಿಯುವ ಎ75 ಮಾತ್ರ ಬೇರೆ ಜಾತಿ. ಸುಮಾರು 340 ಕಿ.ಮೀ. ದಾರಿ, ಒಂದೇ ಕಡೆ ವಸೂಲಿ. ಜನ ಗುಳೆ ಹೋಗಿ ಬರಿದಾಗುತ್ತಿದ್ದ ಮಾಸಿಫ್ ಸೆಂಟ್ರಲ್‌ನ ಬೆಟ್ಟಸೀಮೆಗೆ ಹೊರಜಗತ್ತಿನ ನಂಟು ಬೆಳೆಯಲಿ ಎಂದೇ ಸರ್ಕಾರ ಹೀಗೆ ಮಾಡಿತು. ದನ ಮೇಯುವ ಬಯಲುಗಳ ನಡುವೆ ರಸ್ತೆ 1,100 ಮೀಟರಿಗೂ ಮೇಲೇರುತ್ತದೆ. ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿಗಳದ್ದೇ ದರ್ಬಾರು!

ಆ ಒಂದು ವಸೂಲಿ ಮಿಯೋ ಸೇತುವೆಯದು. ಖಾಸಗಿ ಹಣದಲ್ಲಿ ಕಟ್ಟಿ 2004ರಲ್ಲಿ ತೆರೆದದ್ದು. ತುದಿಯ ಎತ್ತರ 343 ಮೀಟರ್, ಐಫೆಲ್ ಗೋಪುರಕ್ಕಿಂತ ಹೆಚ್ಚು. ಸೇತುವೆ ಬರುವ ಮೊದಲು ಬೇಸಿಗೆ ರಜೆ ಬಂತೆಂದರೆ ಕಣಿವೆಯ ಮಿಯೋ ಪೇಟೆಯಲ್ಲಿ ಗಂಟೆಗಟ್ಟಲೆ ಕಾರುಗಳ ಸಾಲು. ಈಗ ಆ ಸೇತುವೆಯನ್ನೇ ನೋಡಲೆಂದು ಪ್ರವಾಸಿಗಳು ಕೆಳಗಿಳಿದು ಬರುತ್ತಾರಂತೆ.