ನಂದಿಬೆಟ್ಟದ ತಿರುವುಗಳಲ್ಲಿ ಹಿಮಾಲಯದ ತಾಲೀಮು

ರಜಾದಿನದ ಬೆಳಗಿನ ಜಾವ. ಬೆಂಗಳೂರು ಇನ್ನೂ ಕಣ್ಣುಬಿಟ್ಟಿರುವುದಿಲ್ಲ. ಬಳ್ಳಾರಿ ರಸ್ತೆಯ ಅಂಚಿನಲ್ಲಿ ಪುಟ್ಟ ಕೆಂಪು ದೀಪಗಳು ಒಂದರ ಹಿಂದೊಂದು ಉತ್ತರಕ್ಕೆ ಸಾಗುತ್ತಿರುತ್ತವೆ. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ಎಡಕ್ಕೆ ಹೊರಳಿದರೆ ಎದುರಿಗೆ ನಂದಿಬೆಟ್ಟ. ನಗರದಿಂದ ಸುಮಾರು 60 ಕಿ.ಮೀ. ಆದರೆ ಈ ಸೈಕಲ್ ಸವಾರರಲ್ಲಿ ಕೆಲವರ ಕಣ್ಣಿರುವುದು ಇನ್ನೂ ಬಹುದೂರದ ಮನಾಲಿ–ಲೇಹ್ ರಸ್ತೆಯ ಮೇಲೆ.

ಬೇಸಿಗೆಯ ಕೆಲವೇ ತಿಂಗಳು ತೆರೆದಿರುವ ಆ ರಸ್ತೆ ನೂರಾರು ಕಿ.ಮೀ. ಉದ್ದ. ಸೈಕಲ್ಲಿನಲ್ಲಿ ಎಂಟು-ಹತ್ತು ದಿನಗಳ ಪಯಣ. ದಾರಿಯಲ್ಲಿ ಬರುವ ತಂಗ್ಲಂಗ್ ಲಾ ಕಣಿವೆಯ ಎತ್ತರ 5,328 ಮೀಟರ್. ನಂದಿಬೆಟ್ಟವೋ 1,478 ಮೀಟರ್. ಇಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಭೋಗನಂದೀಶ್ವರ ದೇಗುಲವಿರುವ ನಂದಿ ಗ್ರಾಮ ಬೆಟ್ಟದ ಬುಡದಲ್ಲಿದೆ. ಅಂಕುಡೊಂಕಿನ ಏರುದಾರಿ ಸುಮಾರು ಏಳೂವರೆ ಕಿ.ಮೀ.; ಏರಬೇಕಾದ ಎತ್ತರ 400 ಮೀಟರಿಗೂ ಮಿಕ್ಕು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಂಡು ಪಿಯುಸಿ ವಿದ್ಯಾರ್ಥಿ ಲೆಕ್ಕ ಹಾಕಲಿ. 400 ಮೀಟರ್ ಏರಲು ಬೇಕಾದ ಶಕ್ತಿ ಸುಮಾರು 75 ಕಿಲೋಕ್ಯಾಲರಿ. ಒಂದು ಬಾಳೆಹಣ್ಣಿನಲ್ಲಿರುವುದಕ್ಕಿಂತ ಕಡಿಮೆ! ಆದರೆ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನಷ್ಟೇ ಕೆಲಸವಾಗಿ ಬದಲಿಸುತ್ತವೆ. ಉಳಿದದ್ದು ಶಾಖವಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ ಬೇಕಾದದ್ದು 300 ಕಿಲೋಕ್ಯಾಲರಿ, ಅಂದರೆ ಮೂರು ಬಾಳೆಹಣ್ಣು. ಅನುಭವಿಗಳು ಹಸಿವಾಗುವ ಮೊದಲೇ ತಿನ್ನುತ್ತಾರೆ, ಬಾಯಾರುವ ಮೊದಲೇ ಕುಡಿಯುತ್ತಾರೆ. ಮೇಲಿನ ಮಂಗಗಳಿಂದ ಹಣ್ಣನ್ನು ಉಳಿಸಿಕೊಳ್ಳುವುದು ಬೇರೆಯೇ ತಾಲೀಮು!

ಹೊಸಬರು ಮೊದಲ ತಿರುವುಗಳಲ್ಲೇ ಆವೇಶದಿಂದ ತುಳಿದು ಅರ್ಧದಾರಿಯಲ್ಲಿ ಏದುಸಿರು ಬಿಡುತ್ತಾರೆ. ಪಳಗಿದವರು ಹಗುರ ಗೇರಿಗೆ ಬದಲಿಸಿ, ಮಾತನಾಡಲು ಉಸಿರುಳಿಯುವಷ್ಟು ವೇಗದಲ್ಲಿ ಏರುತ್ತಾರೆ. ಹಲವು ದಿನಗಳ ಪ್ರವಾಸಕ್ಕೆ ಒಂದು ದಿನದ ಸಾಹಸ ಸಾಲದು. ಶನಿವಾರ ದಣಿದ ಕಾಲುಗಳೇ ಭಾನುವಾರವೂ ತುಳಿಯಬೇಕು. ವಾರವಾರವೂ ದೂರ ಸ್ವಲ್ಪಸ್ವಲ್ಪವೇ ಹೆಚ್ಚಬೇಕು, ನಡುವೆ ವಿಶ್ರಾಂತಿಯೂ ಬೇಕು. ಸ್ನಾಯು ಬಲಗೊಳ್ಳುವುದು ವಿಶ್ರಾಂತಿಯಲ್ಲಿಯೇ. ಕೊನೆಯ ವಾರಗಳಲ್ಲಿ ಚೀಲಗಳನ್ನು ಹೇರಿಕೊಂಡೇ ಏರಬೇಕು. ಇಳಿಯುವಾಗ ಎರಡೂ ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯಬೇಕು. ಒಂದೇ ಸಮನೆ ಹಿಡಿದರೆ ಅವು ಕಾದು ಹಿಡಿತ ಕಳೆದುಕೊಳ್ಳಬಹುದು.

ಆದರೆ ಒಂದು ಪಾಠವನ್ನು ನಂದಿಬೆಟ್ಟ ಕಲಿಸಲಾರದು. ತಂಗ್ಲಂಗ್ ಲಾದ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ. 21ರಷ್ಟೇ, ಆದರೆ ವಾಯುಭಾರ ಸಮುದ್ರಮಟ್ಟದ ಸುಮಾರು ಅರ್ಧ. ಪ್ರತಿ ಉಸಿರಿಗೂ ದಕ್ಕುವ ಆಮ್ಲಜನಕವೂ ಹಾಗೆಯೇ ಅರ್ಧ. ಇದಕ್ಕೆ ದೇಹ ಒಗ್ಗಿಕೊಳ್ಳಲು ದಿನಗಳು ಬೇಕು. ಕಟ್ಟುಮಸ್ತಾದ ತರುಣನಿಗೂ ವಿನಾಯಿತಿಯಿಲ್ಲ. ಗಟ್ಟಿಗನೆಂಬ ಧೈರ್ಯದಿಂದ ಬೇಗ ಏರಿದವನಿಗೇ ಅಪಾಯ ಹೆಚ್ಚು. ತಲೆನೋವು, ವಾಕರಿಕೆ ಕಂಡರೆ ಮುಂದೆ ಏರಬಾರದು. ಹೆಚ್ಚಿದರೆ, ನಡೆ ತಡವರಿಸಿದರೆ, ಕುಳಿತಲ್ಲೇ ಉಸಿರು ಕಟ್ಟಿದರೆ ಕೂಡಲೇ ಕೆಳಗಿಳಿಯಬೇಕು. ಗೆಳೆಯರ ಮುಂದೆ ನಾಚಿ ನೋವನ್ನು ಮುಚ್ಚಿಟ್ಟವರು ಪ್ರಾಣಕ್ಕೇ ಕುತ್ತು ತಂದುಕೊಳ್ಳಬಹುದು.

ಮಗ ಅಥವಾ ಮಗಳು ಅನುಮತಿ ಕೇಳಿದಾಗ ತಂದೆ-ತಾಯಿ 'ಎಷ್ಟು ಕಿಲೋಮೀಟರ್ ತುಳಿಯಬಲ್ಲೆ?' ಎಂದು ಕೇಳುವುದು ಸಹಜ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: 'ಮೈ ಬೇಡವೆಂದಾಗ ಹಿಂತಿರುಗಬಲ್ಲೆಯಾ?' ನಂದಿಬೆಟ್ಟದ ಅರ್ಧದಾರಿಯಲ್ಲಿ ಒಮ್ಮೆಯಾದರೂ ಸೈಕಲ್ ತಿರುಗಿಸಿ, ನಗುತ್ತ ಮನೆಗೆ ಬಂದ ಮಕ್ಕಳು ಆ ಪಾಠವನ್ನು ಆಗಲೇ ಕಲಿತಿರುತ್ತಾರೆ.