ಓನರ್ ಪರ ವಕೀಲ

ನಾನು ಬೆಳೆದದ್ದು ಬಾಡಿಗೆ ಮನೆಗಳಲ್ಲಿ. ಈಗ ಬೆಂಗಳೂರಿನಲ್ಲಿ ಮನೆ ಓನರ್‌ಗಳ ಪರ ವಕಾಲತ್ತು ಹಾಕಿ ಬದುಕುತ್ತಿದ್ದೇನೆ. ಒಳಗೊಳಗೆ ನಾನು ಯಾರ ಕಡೆ ಎಂಬ ಪ್ರಶ್ನೆ ಇತ್ತೀಚೆಗೆ ಬೆನ್ನು ಬಿಡುತ್ತಿಲ್ಲ.

ಬರುವ ಕರಾರುಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಇ-ಸ್ಟಾಂಪ್ ಕಾಗದ, 11 ತಿಂಗಳ ಅವಧಿ, ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು. ಆ ಷರತ್ತನ್ನು ಟೈಪ್ ಮಾಡಿಸುವಾಗಲೆಲ್ಲ, ಮನೆ ಬಿಡುವ ಹಿಂದಿನ ರಾತ್ರಿ ನನ್ನ ಪೆನ್ಸಿಲ್ ಗೀಚುಗಳನ್ನು ಗೋಡೆಯಿಂದ ರಬ್ಬರ್ ಹಿಡಿದು ಉಜ್ಜುತ್ತಿದ್ದ ಅಮ್ಮ ನೆನಪಾಗುತ್ತಾಳೆ. ಆದರೂ ಟೈಪ್ ಮಾಡಿಸುತ್ತೇನೆ.

11 ತಿಂಗಳು ಮುಗಿದರೆ ಬಾಡಿಗೆದಾರ ತಾನಾಗಿ ಹೊರಗೆ ಎಂದು ಓನರ್‌ಗಳು ನಂಬಿರುತ್ತಾರೆ. ಆದರೆ 11 ತಿಂಗಳ ಲೆಕ್ಕ ಹುಟ್ಟಿದ್ದೇ ನೋಂದಣಿ ತಪ್ಪಿಸಲು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು. ಹಾಗಾಗಿ ಇಂದಿನ ಬಹುತೇಕ ಜಗಳಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅವಧಿ ಮುಗಿದ ಮೇಲೂ ಬಾಡಿಗೆ ಇಸಿದುಕೊಳ್ಳುತ್ತಿದ್ದರೆ 15 ದಿನದ ನೋಟಿಸ್ ಕೊಡಬೇಕು. ಆಗಲೂ ಬಿಡದಿದ್ದರೆ ದಾವೆ, ಡಿಕ್ರಿ, ಅಮಲ್ಜಾರಿ.

ಮೇಲಿನ ಮನೆಯ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ವೃದ್ಧೆಯೊಬ್ಬರು ಬಂದಿದ್ದರು. ಐದು ತಿಂಗಳಿಂದ ಬಾಡಿಗೆ ಇಲ್ಲ. "ಲಾಯರ್ ಸಾರ್, ನೀರಿನ ವಾಲ್ವ್ ತಿರುಗಿಸಿಬಿಡ್ಲಾ?" ಎಂದರು. "ಬೇಡಮ್ಮಾ, ಅವರು ಇಂಜಂಕ್ಷನ್ ತಂದರೆ ಕೇಸು ನಿಮ್ಮ ಮೇಲೇ ತಿರುಗುತ್ತೆ" ಎಂದೆ. ಹಾಗೆಂದದ್ದು ವಕೀಲ, ಮನಸ್ಸು ಮಾತ್ರ ತಿರುಗಿಸಲಿ ಎನ್ನುತ್ತಿತ್ತು. ಬಾಡಿಗೆ ಮನೆಯ ಹುಡುಗ ಆ ಕ್ಷಣ ನನ್ನೊಳಗೆ ಎಲ್ಲೂ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಕೇಸು ವಾಯಿದೆಯಿಂದ ವಾಯಿದೆಗೆ ಸರಿದಷ್ಟೂ ನನ್ನ ಫೀಸು ಬೆಳೆಯುತ್ತದೆ. ಬೇಗ ಮುಗಿಯಲಿ ಎಂದು ನಾನು ಬಯಸುವುದು ನಿಜವೇ? ಬಯಸುತ್ತೇನೆ, ಆದರೆ ಪೂರ್ತಿ ಮನಸ್ಸಿನಿಂದಲ್ಲ. ಇದು ಗೊತ್ತಾದ ಮೇಲೆ, 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದ ವಿಷಯವನ್ನು ಕಕ್ಷಿದಾರರ ಮುಂದೆ ನಾನೇ ಮೊದಲು ಎತ್ತುತ್ತೇನೆ. ಬಾಕಿ ಬಿಟ್ಟುಕೊಡಿ, ಎರಡು ತಿಂಗಳಲ್ಲಿ ಮನೆ ಕೈಗೆ ಬರುವಂತೆ ರಾಜಿ ಕೇಳೋಣ ಎಂದು ಆ ವೃದ್ಧೆಗೂ ಹೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಆ ಬಾಕಿ ಅವರ ಔಷಧಿಯ ದುಡ್ಡು. ಬಿಡಿ ಎನ್ನುವುದಕ್ಕೆ ನನಗೇನೂ ಖರ್ಚಿರಲಿಲ್ಲ.